ಅಗ್ಗದ ಟಿಕೇಟಿನ ಧರ್ಮಸೂಕ್ಷ್ಮ

ಬೆಲೆಯನ್ನು ವಿಚಾರಿಸಿ ಕೊಳ್ಳುವುದು ಗೃಹಸ್ಥನ ಗುಣಗಳಲ್ಲಿ ಒಂದು. ನಾಲ್ಕು ಅಂಗಡಿಗಳನ್ನು ಸುತ್ತಿ, ಒಂದು ಕಾಸು ಕಡಿಮೆಗೆ ದೊರೆಯುವಲ್ಲಿ ಕೊಳ್ಳುವವನನ್ನು ಲೋಕವು ಜಾಣನೆಂದು ಹೊಗಳುತ್ತದೆಯೇ ಹೊರತು ಲೋಭಿಯೆಂದು ತೆಗಳುವುದಿಲ್ಲ. ದುಡಿದು ತಂದ ಹಣವು ಹತ್ತು ಕಡೆಗೆ ಹಂಚಿಹೋಗಬೇಕಾದ ಮನೆಯಲ್ಲಿ ಮಿತವ್ಯಯವು ಗುಣ ಮಾತ್ರವಲ್ಲ, ಧರ್ಮವೂ ಹೌದು. ಆದರೆ ಈ ಗುಣವೇ ಒಂದು ಗೆರೆಯನ್ನು ದಾಟಿದೊಡನೆ ದೋಷವಾಗಿ ಪರಿಣಮಿಸುವುದುಂಟು. ಆ ಗೆರೆಯು ಎಲ್ಲಿದೆ? ಕಡಿಮೆ ಬೆಲೆಗೆ ಕೊಂಡವನು ಯಾವಾಗ ಜಾಣನು, ಯಾವಾಗ ಮೋಸಹೋದವನು, ಯಾವಾಗ ಮೋಸದಲ್ಲಿಯೇ ಪಾಲುಗಾರನು? ಈ ಪ್ರಶ್ನೆಯು ಸ್ಮೃತಿಕಾರರ ಕಾಲದಷ್ಟು ಹಳೆಯದು. ಆದರೆ ಇಂದು ಅದು ತಲೆಯೆತ್ತಿರುವ ಸ್ಥಳಗಳಲ್ಲಿ ಒಂದು ತೀರ ಹೊಸದು: ಮಕ್ಕಳ ನಗೆಗಾಗಿ ಕಟ್ಟಿದ ವಿನೋದೋದ್ಯಾನದ ಹೆಬ್ಬಾಗಿಲು.

ಥೀಮ್ ಪಾರ್ಕ್ ಎಂದು ಹೆಸರಾದ ಈ ಉದ್ಯಾನಗಳಿಗೆ ಮೇಲ್ಪಂಕ್ತಿಯಾದುದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಅನಾಹೈಮ್ ಎಂಬಲ್ಲಿ ೧೯೫೫ನೆಯ ಇಸವಿ ಜುಲೈ ೧೭ರಂದು ತೆರೆದ ಡಿಸ್ನಿಲ್ಯಾಂಡ್. ಅದನ್ನು ಕಟ್ಟಿಸಿದ ಚಲಚ್ಚಿತ್ರ ನಿರ್ಮಾಪಕ ವಾಲ್ಟ್ ಡಿಸ್ನಿಯು ೧೯೬೬ರಲ್ಲಿ ತೀರಿಕೊಂಡನು. ಅವನು ಯೋಜಿಸಿದ್ದ ಎರಡನೆಯ ಉದ್ಯಾನವು ೧೯೭೧ರ ಅಕ್ಟೋಬರ್ ೧ರಂದು ಫ್ಲಾರಿಡಾ ಪ್ರಾಂತದ ಆರ್ಲ್ಯಾಂಡೊ ನಗರದ ಬಳಿ ಬಾಗಿಲು ತೆರೆಯಿತು. ಇಂದು ಆ ಒಂದೇ ಆವರಣದಲ್ಲಿ ನಾಲ್ಕು ದೊಡ್ಡ ಉದ್ಯಾನಗಳಿವೆ. ನೆರೆಯಲ್ಲಿ ಬೇರೆ ಸಂಸ್ಥೆಗಳ ಉದ್ಯಾನಗಳೂ ಇವೆ. ಬೆಂಗಳೂರಿನ ಬಳಿ ೨೦೦೫ರಲ್ಲಿ ವಂಡರ್‌ಲಾ ತೆರೆದಂದಿನಿಂದ ಕನ್ನಡನಾಡಿನ ಮಕ್ಕಳಿಗೂ ಇಂಥ ಸ್ಥಳವು ಅಪರಿಚಿತವಾಗಿ ಉಳಿದಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳನ್ನು ನೋಡಲು ಹೋಗುವ ನಮ್ಮ ಕಡೆಯ ಹಿರಿಯರಲ್ಲಿ ಆರ್ಲ್ಯಾಂಡೊವನ್ನು ಕಂಡು ಬಂದವರೂ ಉಂಟು.

ಅಲ್ಲಿಯ ವಿನೋದವು ಸುಲಭವಾದ ಬೆಲೆಗೆ ದೊರೆಯುವಂಥದಲ್ಲ. ೧೯೫೫ರಲ್ಲಿ ಡಿಸ್ನಿಲ್ಯಾಂಡಿನ ಪ್ರವೇಶಕ್ಕೆ ದೊಡ್ಡವರು ಕೊಡಬೇಕಾಗಿದ್ದುದು ೧ ಡಾಲರು. ಒಳಗಿನ ಆಟಗಳಿಗೆ ಬೇರೆ ಹಣ. ೨೦೧೫ರಲ್ಲಿ ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ ಎಂಬ ಉದ್ಯಾನದ ಒಂದು ದಿನದ ಶುಲ್ಕವೇ ೧೦೦ ಡಾಲರನ್ನು ಮೀರಿತು; ಆಮೇಲೆ ಇನ್ನೂ ಏರಿದೆ. ಅನೇಕ ದಿನಗಳ ಟಿಕೇಟನ್ನು ಒಟ್ಟಿಗೆ ಕೊಂಡರೆ ದಿನವೊಂದಕ್ಕೆ ಬೀಳುವ ದರವು ಕಡಿಮೆಯಾಗುತ್ತ ಹೋಗುತ್ತದೆ. ಮೊದಲ ದಿನಕ್ಕೆ ಪೂರ್ಣ ಬೆಲೆ. ನಾಲ್ಕನೆಯ ಅಥವಾ ಐದನೆಯ ದಿನಕ್ಕೆ ಹೆಚ್ಚಾಗಿ ಸೇರುವುದು ಅದರ ಒಂದು ಸಣ್ಣ ಅಂಶ ಮಾತ್ರ. ಇಲ್ಲಿಯೇ ಕಳ್ಳಸಂತೆಯ ಬೀಜವಿರುವುದು. ಐದು ದಿನದ ಟಿಕೇಟು ಕೊಂಡು ಮೂರೇ ದಿನ ನೋಡಿ ಊರಿಗೆ ಹೊರಟವನ ಕೈಯಲ್ಲಿ ಎರಡು ದಿನಗಳು ಉಳಿಯುತ್ತವೆ. ಅವನಿಗೆ ಅವು ಬರಿಯ ಕಾಗದ. ಮರುದಿನ ಬರುವವನಿಗೆ ಅವು ಇನ್ನೂರು ಡಾಲರು. ಈ ಇಬ್ಬರ ನಡುವೆ ನಿಂತು, ಒಬ್ಬನಿಂದ ಅಲ್ಪಕ್ಕೆ ಕೊಂಡು ಇನ್ನೊಬ್ಬನಿಗೆ ಅರ್ಧಕ್ಕೆ ಮಾರುವ ದಲ್ಲಾಳಿಯು ಹುಟ್ಟಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಉಳಿದ ದಿನಗಳಿಗೆ ಅವಧಿಯ ಮಿತಿಯಿಲ್ಲದಿದ್ದ ಕಾಲದಲ್ಲಿ ಅವನ ವ್ಯಾಪಾರವು ಇನ್ನೂ ಸುಲಭವಾಗಿತ್ತು.

ಹೀಗೆ ಹೊರಗಿನವರ ಕೈಯಿಂದ ಬರುವ ಅಗ್ಗದ ಟಿಕೇಟುಗಳಲ್ಲಿ ಹಲವು ಬಗೆಗಳುಂಟು. ಮೊದಲನೆಯದು ಮೇಲೆ ಹೇಳಿದ ಅರ್ಧ ಬಳಸಿದ ಟಿಕೇಟು. ಎರಡನೆಯದು ಮೂಲದಲ್ಲಿಯೇ ನಕಲಿಯಾದುದು. ಮೂರನೆಯದು ಸಂಸ್ಥೆಯು ತನ್ನ ನೌಕರರಿಗೋ ಅತಿಥಿಗಳಿಗೋ ಉಚಿತವಾಗಿ ಕೊಟ್ಟು, ಮಾರಬಾರದೆಂದು ಕಟ್ಟುಮಾಡಿರುವಂಥದು. ನಾಲ್ಕನೆಯದು ಕದ್ದ ಕ್ರೆಡಿಟ್ ಕಾರ್ಡಿನ ಸಂಖ್ಯೆಯಿಂದ ಕೊಂಡುದು. ಇದು ಕಣ್ಣಿಗೆ ಪೂರಾ ಅಸಲಿಯೇ, ಕಾರ್ಡಿನ ಒಡೆಯನು ಎಚ್ಚತ್ತು ದೂರು ಕೊಟ್ಟಾಗ ಮಾತ್ರ ರದ್ದಾಗುತ್ತದೆ. ಐದನೆಯದರಲ್ಲಿ ಟಿಕೇಟು ನಿಜ, ಬೆಲೆಯು ಮಾತ್ರ ಮರೆಯಲ್ಲಿದೆ: ವರ್ಷದಲ್ಲಿ ಕೆಲವು ದಿನ ಇರುವ ಹಕ್ಕಿನ ಮನೆಗಳನ್ನು ಮಾರುವವರು, ತಮ್ಮ ಪ್ರಸಂಗವನ್ನು ಕುಳಿತು ಕೇಳಿದವರಿಗೆ ಟಿಕೇಟನ್ನು ಅಗ್ಗಕ್ಕೆ ಕೊಡುತ್ತಾರೆ, ಒಂದು ಗಳಿಗೆಯೆಂದು ಕರೆದು ಅರ್ಧ ದಿನ ಕೂರಿಸಿ, ಬೇಡದ ಕರಾರಿಗೆ ಸಹಿ ಹಾಕಿಸಲು ಒತ್ತಾಯಿಸುವುದೂ ಉಂಟು. ಇವೆಲ್ಲವುಗಳ ಪಕ್ಕದಲ್ಲಿ ಸಂಸ್ಥೆಯ ಒಪ್ಪಿಗೆ ಪಡೆದು ಕೆಲವೇ ಡಾಲರುಗಳ ರಿಯಾಯಿತಿಯಿಂದ ಮಾರುವ ಪ್ರಾಮಾಣಿಕ ವರ್ತಕರೂ ಇದ್ದಾರೆ ಎಂಬುದನ್ನು ಮರೆಯಲಾಗದು.

ಕೆಟ್ಟ ಟಿಕೇಟಿನ ಕೇಡು ಬಾಗಿಲಿಗೆ ಬಂದ ಬಳಿಕವೇ ತಿಳಿಯುವುದು. ಆರ್ಲ್ಯಾಂಡೊವಿನ ಡಿಸ್ನಿ ಉದ್ಯಾನಗಳಲ್ಲಿ ಟಿಕೇಟಿನ ಜೊತೆಗೆ ಅದನ್ನು ತಂದವನ ಬೆರಳಿನ ಗುರುತನ್ನೋ ಮುಖದ ಚಿತ್ರವನ್ನೋ ಹೊಂದಿಸಿ ನೋಡುವ ಕ್ರಮವು ಬಂದು ಬಹಳ ವರ್ಷಗಳಾದುವು. ಮೊದಲ ದಿನ ಒಬ್ಬನು ಬೆರಳೊತ್ತಿದ ಟಿಕೇಟಿಗೆ ಮೂರನೆಯ ದಿನ ಇನ್ನೊಬ್ಬನ ಬೆರಳು ಹೊಂದದು. ಜೋಳ ಮುಗ್ಗಲಾದರೆ ಮನೆಗೆ ತಂದು ಬಿಸಿಲಿಗೆ ಹಾಕಬಹುದು. ಬಟ್ಟೆ ಹರಿದಿದ್ದರೆ ಹೊಲಿಯಬಹುದು. ಈ ಟಿಕೇಟಿನ ನಷ್ಟಕ್ಕೆ ಅಂಥ ಪರಿಹಾರವಿಲ್ಲ. ಸಾವಿರಾರು ಮೈಲು ಪ್ರಯಾಣ ಮಾಡಿ, ರಜೆಯ ದಿನಗಳನ್ನು ಎಣಿಸಿ, ಮಕ್ಕಳ ಕೈ ಹಿಡಿದು ನಿಂತವನಿಗೆ ಆ ದಿನವೇ ಹೋಯಿತು. ಕೊಟ್ಟ ಹಣದ ಮೇಲೆ ಪೂರ್ಣ ಬೆಲೆಯನ್ನು ಮತ್ತೆ ತೆರಬೇಕು, ಇಲ್ಲವೇ ಒಳಗಿನ ವಾದ್ಯದ ಧ್ವನಿಯನ್ನು ಕೇಳುತ್ತಲೇ ಮಕ್ಕಳನ್ನು ಹಿಂದಕ್ಕೆ ಕರೆದೊಯ್ಯಬೇಕು. ಮಾರಿದವನು ಆ ವೇಳೆಗೆ ಕಾಣಸಿಗುವುದಿಲ್ಲ.

ಅಪಾಯದ ಮಾತು ಇಷ್ಟಕ್ಕೆ ಮುಗಿಯುವುದಾದರೆ, ಇದು ಎಚ್ಚರಿಕೆಯ ವಿಷಯವೇ ಹೊರತು ನೀತಿಯ ವಿಷಯವಲ್ಲ. ಆದರೆ ಇಲ್ಲೊಂದು ಕಠಿಣವಾದ ಪ್ರಶ್ನೆಯಿದೆ. ಕೊಂಡ ಟಿಕೇಟು ಬಾಗಿಲಲ್ಲಿ ಸಲ್ಲಿಬಿಟ್ಟರೆ? ಯಾರೂ ತಡೆಯದೆ, ಕುಟುಂಬವೆಲ್ಲ ಒಳಗೆ ಹೋಗಿ ಸುಖವಾಗಿ ದಿನ ಕಳೆದು ಬಂದರೆ? ಆಗ ಕೊಂಡವನಿಗೆ ಯಾವ ಕೇಡೂ ಆಗಲಿಲ್ಲವೆಂದು ಹೇಳಬಹುದೆ?

ಹೇಳಬಹುದೆಂದು ವಾದಿಸುವವರ ಮಾತನ್ನು ಮೊದಲು ಪೂರ್ಣವಾಗಿ ಕೇಳಬೇಕು. ಏಕೆಂದರೆ ಅದು ತೀರ ಪೊಳ್ಳಾದ ವಾದವಲ್ಲ. ಅರ್ಧ ಬಳಸಿದ ಟಿಕೇಟನ್ನೇ ತೆಗೆದುಕೊಂಡರೆ, ಐದು ದಿನಗಳ ಹಣವು ಸಂಸ್ಥೆಗೆ ಸಂದಿದೆ. ಐದು ದಿನಗಳ ಪ್ರವೇಶವು ಅದರಿಂದ ಸಲ್ಲಬೇಕು. ಒಳಗೆ ಹೋದವನು ರಾಮನಾದರೇನು, ಕೃಷ್ಣನಾದರೇನು? ಕೊಂಡ ಅಕ್ಕಿಯನ್ನು ನೆರೆಮನೆಗೆ ಕೊಡಬಾರದೆಂದು ಯಾವ ಅಂಗಡಿಯವನೂ ಕಟ್ಟಳೆ ಮಾಡನು. ಮೇಲಾಗಿ ಆ ಕಟ್ಟಳೆಯನ್ನು ಮಾಡಿದುದು ಅಪಾರ ಧನವುಳ್ಳ ಸಂಸ್ಥೆ. ಅದನ್ನು ಮಾಡಿದುದೂ ತನ್ನ ಲಾಭಕ್ಕಾಗಿಯೇ. ಬಡವನ ಮಗುವು ಒಂದು ದಿನ ನಕ್ಕರೆ ಅದರ ಗಂಟೇನು ಹೋಗುತ್ತದೆ?

ಈ ವಾದದ ತಪ್ಪು ಟಿಕೇಟನ್ನು ಅಕ್ಕಿಯೊಡನೆ ಹೋಲಿಸುವುದರಲ್ಲಿದೆ. ಅಕ್ಕಿಯು ಪದಾರ್ಥ, ಟಿಕೇಟು ವಚನ. ಕಾಗದವನ್ನು ಯಾರೂ ಕೊಳ್ಳುವುದಿಲ್ಲ. ‘ನಿನ್ನನ್ನು ಇಂತಿಷ್ಟು ದಿನ ಒಳಗೆ ಬಿಡುತ್ತೇನೆ’ ಎಂಬ ಮಾತನ್ನು ಕೊಳ್ಳುತ್ತಾರೆ. ಖಾನಾವಳಿಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪೂರ್ಣ ಊಟಕ್ಕೆ ಹಣ ತೆತ್ತವನಿಗೆ ಎರಡನೆಯ ಸಲ ಬಡಿಸಿದ ಅನ್ನಕ್ಕೆ ಬೇರೆ ಬೆಲೆಯಿಲ್ಲ. ಹಾಗೆಂದು ಅವನು ಅರ್ಧ ಉಂಡು ಎದ್ದು, ಬೀದಿಯಲ್ಲಿ ಹೋಗುವವನನ್ನು ಕರೆದು, ನಾಲ್ಕು ಕಾಸು ಇಸಿದುಕೊಂಡು ತನ್ನ ಎಲೆಯ ಮುಂದೆ ಕೂರಿಸಿದರೆ, ಬಡಿಸುವವನು ಸುಮ್ಮನಿರುವನೆ? ಎರಡನೆಯ ಬಡಿಕೆಯು ಅಗ್ಗವಾದುದು ಮೊದಲನೆಯದನ್ನು ಉಂಡವನಿಗೆ. ಐದನೆಯ ದಿನದ ದರವು ಸಣ್ಣದಾದುದೂ ಮೊದಲ ನಾಲ್ಕು ದಿನಗಳ ಹಣ ತೆತ್ತು, ಆಸೆ ಬಹುಮಟ್ಟಿಗೆ ತೀರಿರುವವನಿಗಾಗಿಯೇ. ಆ ರಿಯಾಯಿತಿಯನ್ನು ಸ್ವೀಕರಿಸಿ, ಅದಕ್ಕೆ ಕಾರಣವಾದ ನಿಬಂಧನೆಯನ್ನು ತಳ್ಳಿಹಾಕುವುದು ಮಾತಿನ ಅರ್ಧವನ್ನು ಮಾತ್ರ ನಡೆಸಿದಂತೆ. ಕಟ್ಟಳೆಯು ಕಠಿಣವೆಂದು ತೋರಿದರೆ ಅದನ್ನು ಒಪ್ಪದೆ ಹಿಂತಿರುಗುವ ಸ್ವಾತಂತ್ರ್ಯವು ಎಲ್ಲರಿಗೂ ಇದೆ. ಒಪ್ಪಿ ಲಾಭ ಪಡೆದು ಆಮೇಲೆ ಮೀರುವ ಸ್ವಾತಂತ್ರ್ಯವು ಯಾರಿಗೂ ಇಲ್ಲ.

ಹಾಗಾದರೆ ಉಳಿದ ದಿನವನ್ನು ತಂಗಿಯ ಮಗನಿಗೆ ಪ್ರೀತಿಯಿಂದ ಕೊಟ್ಟವನೂ, ನೂರಾರು ಜನರಿಗೆ ಮಾರಿ ಹಣ ಮಾಡಿದವನೂ ಸಮಾನರೆ? ಅಲ್ಲ. ಮಾತು ಮುರಿಯುವುದು ಎರಡರಲ್ಲಿಯೂ ಇದೆ. ಆದರೆ ಒಂದರಲ್ಲಿ ಅದು ಸಲಿಗೆಯ ತಪ್ಪು, ಇನ್ನೊಂದರಲ್ಲಿ ಅದೇ ಕಸುಬು. ಶಾಸನಗಳೂ ಈ ಭೇದವನ್ನು ಬಲ್ಲವು. ಫ್ಲಾರಿಡಾ ಪ್ರಾಂತದ ಕಾಯಿದೆಯು, ವರ್ಗಾಯಿಸಲಾಗದ ಬಹುದಿನದ ಟಿಕೇಟನ್ನು ಒಮ್ಮೆ ಬಳಸಿದ ಬಳಿಕ ಮಾರುವುದನ್ನು ದಂಡನಾರ್ಹವಾದ ಅಪರಾಧವೆಂದು ಸಾರಿ, ತನ್ನ ದೃಷ್ಟಿಯನ್ನು ವ್ಯಾಪಾರದ ಮೇಲೆ ಇರಿಸಿದೆ. ಭಾರತದ ೧೯೮೯ರ ರೈಲ್ವೆ ಕಾಯಿದೆಯು ಟಿಕೇಟುಗಳನ್ನು ಅನಧಿಕೃತವಾಗಿ ದೊರಕಿಸಿ ಮಾರುವ ದಂಧೆಗೆ ಸೆರೆಮನೆಯ ಶಿಕ್ಷೆಯನ್ನು ವಿಧಿಸುತ್ತದೆ. ಆದರೆ ಕಾಯ್ದಿರಿಸಿದ ಸ್ಥಳವನ್ನು ಮುಂಚಿತವಾಗಿ ಅರ್ಜಿ ಕೊಟ್ಟು ಕುಟುಂಬದವರ ಹೆಸರಿಗೆ ಬದಲಿಸಿಕೊಳ್ಳಲು ರೈಲ್ವೆಯು ಎಡೆಗೊಟ್ಟಿದೆ.

ಕೊಳ್ಳುವವನ ಹೊಣೆಯನ್ನು ನಿರ್ಣಯಿಸುವುದರಲ್ಲಿ ನಮ್ಮ ಪ್ರಾಚೀನರು ತೋರಿದ ಸೂಕ್ಷ್ಮತೆಯು ಇಂದಿಗೂ ಉಪಯುಕ್ತವಾಗಿದೆ. ಧರ್ಮಶಾಸ್ತ್ರಗಳಲ್ಲಿ ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಅಸ್ವಾಮಿವಿಕ್ರಯವು ಒಂದು. ಎಂದರೆ ಒಡೆಯನಲ್ಲದವನು ಮಾಡುವ ಮಾರಾಟ. ಯಾಜ್ಞವಲ್ಕ್ಯಸ್ಮೃತಿಯು ಈ ಪ್ರಕರಣದಲ್ಲಿ ಮಾರುವವನನ್ನು ಮಾತ್ರ ದೂಷಿಸಿ ನಿಲ್ಲದೆ, ಕೊಳ್ಳುವವನನ್ನೂ ಪರೀಕ್ಷೆಗೆ ಒಳಪಡಿಸುತ್ತದೆ. ಹೀನನಿಂದ, ಗುಟ್ಟಾಗಿ, ಹೀನವಾದ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು ಕಳ್ಳನಿಗೆ ಸಮನೆಂಬುದು ಅದರ ಅಭಿಪ್ರಾಯ. ಈ ಸ್ಮೃತಿಗೆ ಪ್ರಸಿದ್ಧವಾದ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನವನೇ; ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಇದ್ದವನು. ಅವನು ‘ಹೀನ’ ಎಂಬ ಶಬ್ದಕ್ಕೆ ಮಾಡುವ ಅರ್ಥವು ಗಮನಾರ್ಹವಾಗಿದೆ. ಅದು ಕುಲದಿಂದ ಹೀನನೆಂದಲ್ಲ. ಆ ವಸ್ತುವು ಕೈಗೆ ಬರಲು ತಕ್ಕ ದಾರಿಯಿಲ್ಲದವನೆಂದು. ಹರಕು ಬಟ್ಟೆಯವನು ಹೀನನಲ್ಲ. ಮಾರುವ ಪದಾರ್ಥವು ತನಗೆ ಎಲ್ಲಿಂದ ಬಂತೆಂದು ತೋರಿಸಲಾರದವನು ಹೀನನು.

ಈ ನಾಲ್ಕು ಲಕ್ಷಣಗಳನ್ನು ಅಗ್ಗದ ಟಿಕೇಟಿನ ಮೇಲೆ ಇಟ್ಟು ನೋಡಬಹುದು. ಸಂಸ್ಥೆಯ ಒಪ್ಪಿಗೆ ಪಡೆದ ವರ್ತಕನಿಗೇ ಕೆಲವು ಡಾಲರುಗಳಿಗಿಂತ ಹೆಚ್ಚು ಬಿಡಲಾಗದಿರುವಾಗ, ಅರ್ಧ ಬೆಲೆಗೆ ಕೊಡುವವನಿಗೆ ಅದು ಯಾವ ದಾರಿಯಿಂದ ಬಂತು? ಇದು ಹೀನತ್ವದ ಪ್ರಶ್ನೆ. ಅಂಗಡಿಯ ಹಲಗೆಯಿಲ್ಲದೆ, ರಸೀತಿಯಿಲ್ಲದೆ, ವಾಹನಗಳ ನಿಲ್ದಾಣದಲ್ಲಿಯೋ ವಸತಿಗೃಹದ ಮೊಗಸಾಲೆಯಲ್ಲಿಯೋ, ಹೆಸರು ತಿಳಿಯದ ದೂರದವನ ದೂರವಾಣಿ ಸಂದೇಶದಲ್ಲಿಯೋ ನಡೆಯುವ ವ್ಯವಹಾರವು ಗುಟ್ಟಲ್ಲದೆ ಮತ್ತೇನು? ಹಣವನ್ನು ನಗದಾಗಿಯೋ, ಮರಳಿ ಪಡೆಯಲಾಗದ ಬೇರೆ ಮಾರ್ಗದಿಂದಲೋ ಕಳುಹಿಸೆಂದು ಹಟ ಹಿಡಿಯುವುದೂ ಗುಟ್ಟಿನ ಲಕ್ಷಣವೇ. ಬೆಲೆಯ ಹೀನತೆಯಂತೂ ತಾನೇ ಸಾರಿಕೊಳ್ಳುತ್ತದೆ. ‘ಈ ಗಂಟೆಯೊಳಗೆ ಕೊಳ್ಳದಿದ್ದರೆ ಇನ್ನೊಬ್ಬನಿಗೆ ಹೋಯಿತು’ ಎಂದು ಅವಸರಪಡಿಸುವ ಮಾತಿನಲ್ಲಿ ಹೊತ್ತಲ್ಲದ ಹೊತ್ತು ಅಡಗಿದೆ. ಕತ್ತಲೆಯಂತೆಯೇ ಅವಸರವೂ ಕಣ್ಣನ್ನು ಕಟ್ಟುತ್ತದೆ. ಅದೇ ಸ್ಮೃತಿಯು ತಿಳಿಯದೆ ಕೊಂಡವನಿಗೆ ಬಿಡುಗಡೆಯ ದಾರಿಯನ್ನೂ ತೋರಿಸಿದೆ: ಮಾರಿದವನನ್ನು ತೋರಿಸಿಕೊಟ್ಟರೆ ಕೊಂಡವನು ಶುದ್ಧನು; ಒಡೆಯನಿಗೆ ಒಡವೆ, ಅರಸನಿಗೆ ದಂಡ, ಕೊಂಡವನಿಗೆ ಮಾರಿದವನಿಂದ ಅವನ ಹಣ ಸಲ್ಲಬೇಕು. ಆದುದರಿಂದ ಕೊಳ್ಳುವ ಮೊದಲು ಒಂದು ಪ್ರಶ್ನೆಯನ್ನು ಹಾಕಿಕೊಂಡರೆ ಸಾಕು: ನಾಳೆ ಕೇಳಿದರೆ ಈ ಮನುಷ್ಯನನ್ನು ತೋರಿಸಬಲ್ಲೆನೆ?

ಅನ್ಯಾಯದ ಟಿಕೇಟಿನಿಂದ ಕೆಡುವವನು ಸಂಸ್ಥೆಯ ಒಡೆಯನೊಬ್ಬನೇ ಎಂದು ತಿಳಿಯುವುದೂ ಸರಿಯಲ್ಲ. ಡಿಸ್ನಿಲ್ಯಾಂಡ್ ತೆರೆದ ಮೊದಲ ದಿನದ ಕಥೆಯೇ ಇದಕ್ಕೆ ಸಾಕ್ಷಿ. ಅಂದಿನ ಪ್ರವೇಶವು ಆಹ್ವಾನಿತರಿಗೆ ಮಾತ್ರ. ಆದರೆ ನಕಲಿ ಟಿಕೇಟುಗಳು ಹರಡಿ, ಕರೆದವರಿಗಿಂತ ಎಷ್ಟೋ ಹೆಚ್ಚಾಗಿ, ಸುಮಾರು ೨೮,೦೦೦ ಜನರು ಒಳನುಗ್ಗಿದರು. ತಿನಿಸು ತೀರಿತು, ಕುಡಿಯುವ ನೀರಿನ ಕೊಳಾಯಿಗಳು ಸಾಲದಾದುವು, ಬಿಸಿಲಿಗೆ ಮೆತ್ತಗಾದ ಹೊಸ ಡಾಂಬರಿನಲ್ಲಿ ಹೆಂಗಸರ ಪಾದರಕ್ಷೆಗಳು ಹೂತವು. ಬಾಧೆ ಪಟ್ಟವರಲ್ಲಿ ನ್ಯಾಯವಾಗಿ ಬಂದವರೂ ಇದ್ದರು, ಅವರ ಮಕ್ಕಳೂ ಇದ್ದರು. ಅದೇ ದಿನ ಒಬ್ಬನು ಬೇಲಿಗೆ ಏಣಿ ಹಾಕಿ, ತಲೆಗೆ ಐದೈದು ಡಾಲರು ಪಡೆದು ಜನರನ್ನು ಒಳಗೆ ಇಳಿಸಿದನೆಂದು ಹೇಳುವುದುಂಟು. ಈ ಏಣಿಯ ಕಥೆಯನ್ನು ಕೇಳಿ ನಗು ಬರುತ್ತದೆ. ಆದರೆ ವಿಚಾರಿಸಿದರೆ ಅದರಲ್ಲಿ ಒಂದು ನಿಷ್ಕಪಟತೆಯೂ ಕಾಣುತ್ತದೆ. ಏಣಿ ಹತ್ತಿದವನಿಗೆ ತಾನು ಮಾಡುತ್ತಿರುವುದೇನೆಂದು ಗೊತ್ತಿತ್ತು. ನಕಲಿ ಟಿಕೇಟನ್ನು ತಿಳಿಯದೆ ಹಿಡಿದು ಬಂದವನು ನಿರಪರಾಧಿ. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ: ಅನುಮಾನವಿದ್ದೂ ಕೇಳದವನು. ಇಂದಿನ ಅಗ್ಗದ ಟಿಕೇಟಿನ ಗಿರಾಕಿಗಳಲ್ಲಿ ಹೆಚ್ಚಿನವರು ಈ ಮೂರನೆಯ ಪಂಗಡದವರು.

ಅಜ್ಞಾನದಲ್ಲಿ ಎರಡು ವಿಧ. ತಿಳಿಯಲು ದಾರಿಯಿಲ್ಲದೆ ಉಳಿದ ಅಜ್ಞಾನವು ಒಂದು. ತಿಳಿದರೆ ಕೊಳ್ಳಲಾಗುವುದಿಲ್ಲವೆಂಬ ಭಯದಿಂದ ತಾನಾಗಿಯೇ ಕಾಪಾಡಿಕೊಂಡ ಅಜ್ಞಾನವು ಇನ್ನೊಂದು. ಮೊದಲನೆಯದು ಕ್ಷಮಾರ್ಹ, ಎರಡನೆಯದು ಜ್ಞಾನದ ವೇಷಾಂತರವೇ. ‘ಎಲ್ಲಿಂದ ಬಂತು’ ಎಂಬ ಪ್ರಶ್ನೆಯು ನಾಲಗೆಯ ತುದಿಗೆ ಬಂದು, ಉತ್ತರಕ್ಕೆ ಹೆದರಿ ಹಿಂದಕ್ಕೆ ಹೋದ ಗಳಿಗೆಯಲ್ಲಿಯೇ ಗೆರೆಯು ದಾಟಿಹೋಗುತ್ತದೆ. ಟಿಕೇಟು ಸಂದಿತೋ ಇಲ್ಲವೋ ಎಂಬುದರಿಂದ ಈ ನಿರ್ಣಯವು ಬದಲಾಗದು. ಕದ್ದ ಕಾರ್ಡಿನ ಟಿಕೇಟನ್ನು ತೆಗೆದುಕೊಂಡರೆ ಇದು ಇನ್ನೂ ವಿಶದವಾಗುತ್ತದೆ. ಅದು ಬಾಗಿಲಲ್ಲಿ ಸಲ್ಲದಿದ್ದರೆ ನಷ್ಟವು ಕೊಂಡವನದು. ಸಂದರೆ ನಷ್ಟವು ಎಲ್ಲಿಯೋ ಇರುವ ಮತ್ತೊಂದು ಮನೆಗೋ ಬ್ಯಾಂಕಿಗೋ ತಟ್ಟುತ್ತದೆ. ಲೋಕವು ಮೊದಲನೆಯದನ್ನು ದುರದೃಷ್ಟವೆಂದೂ ಎರಡನೆಯದನ್ನು ಅದೃಷ್ಟವೆಂದೂ ಕರೆಯುತ್ತದೆ. ಧರ್ಮದ ತಕ್ಕಡಿಯಲ್ಲಿ ತೂಗಿದರೆ ಎರಡನೆಯದೇ ಭಾರವಾದ ಕೇಡು. ಏಕೆಂದರೆ ಮೊದಲನೆಯವನು ತನ್ನ ಉಪೇಕ್ಷೆಯ ಬೆಲೆಯನ್ನು ತಾನೇ ತೆತ್ತನು, ಎರಡನೆಯವನು ಅದನ್ನು ಇನ್ನೊಬ್ಬನಿಂದ ತೆರಿಸಿದನು.

ಇದರಿಂದ ಪ್ರಾಮಾಣಿಕ ವರ್ತಕನಿಗೂ ಹಾನಿಯುಂಟು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫನು ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಹಳೆಯ ಮೋಟಾರು ಕಾರುಗಳ ಮಾರಾಟವನ್ನು ಉದಾಹರಣೆಯಾಗಿಟ್ಟು ಈ ತತ್ತ್ವವನ್ನು ವಿವರಿಸಿದನು. ೨೦೦೧ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮೂವರಲ್ಲಿ ಅವನೂ ಒಬ್ಬನು. ಪದಾರ್ಥದ ಗುಣವು ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿರುವ ಸಂತೆಯಲ್ಲಿ, ಕೆಟ್ಟ ಪದಾರ್ಥವು ಒಳ್ಳೆಯದನ್ನು ಹೊರದೂಡುತ್ತದೆ. ಕೊನೆಗೆ ಸತ್ಯವಂತನ ಮಾತನ್ನೂ ಯಾರೂ ನಂಬದಂತಾಗುತ್ತದೆ. ವಿಚಾರಿಸದೆ ಕೊಳ್ಳುವ ಪ್ರತಿಯೊಬ್ಬನೂ ಈ ಅವನತಿಗೆ ತನ್ನ ಕೈಯಾಸರೆ ಕೊಡುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೂ ಬಾಗಿಲಲ್ಲಿ ನಿಂತು ಕಣ್ಣೀರಿಟ್ಟ ಕುಟುಂಬವನ್ನು ಹಳಿಯುವುದು ವಿವೇಕವಲ್ಲ. ಬೆಲೆಯ ಭಾರವು ಎಲ್ಲರಿಗೂ ಒಂದೇ ಅಲ್ಲ. ಉಳ್ಳವನಿಗೆ ಅರ್ಧ ಬೆಲೆಯು ಚಮತ್ಕಾರದ ಮಾತು. ಇಲ್ಲದವನಿಗೆ ಅದೊಂದೇ ದಾರಿ. ಮೋಸಗಾರನು ಹುಡುಕುವುದೂ ಇಂಥವನನ್ನೇ. ಏಕೆಂದರೆ ಆಸೆಗೆ ಮೊದಲು ಮಣಿಯುವುದು ಕೊರತೆಯಲ್ಲಿರುವ ಮನಸ್ಸು. ವಿನೋದವನ್ನು ಜಗತ್ತಿನ ಎಲ್ಲ ಮಕ್ಕಳ ಕಣ್ಣ ಮುಂದೆ ಹಿಡಿದು, ಬಾಗಿಲನ್ನು ಕೆಲವರಿಗೇ ನಿಲುಕುವಷ್ಟು ಎತ್ತರದಲ್ಲಿಡುವ ಸಂಸ್ಥೆಯೂ ಈ ದುಃಖದಲ್ಲಿ ತನ್ನ ಪಾಲೇನೆಂದು ಯೋಚಿಸಬೇಕಾದುದೇ. ಆದರೆ ಒಬ್ಬನ ಕಾಠಿಣ್ಯವು ಇನ್ನೊಬ್ಬನ ಕಪಟಕ್ಕೆ ಪರವಾನಗಿಯಾಗದು. ದುಬಾರಿ ಬಾಗಿಲಿಗೆ ಉತ್ತರವು ಕಳ್ಳ ಏಣಿಯಲ್ಲ. ಒಂದು ವರ್ಷ ಕಾದು ಹಣ ಕೂಡಿಸುವುದು, ಕಡಿಮೆ ದಿನ ನೋಡುವುದು, ಒಪ್ಪಿಗೆ ಪಡೆದ ವರ್ತಕನಿಂದ ಸಿಕ್ಕಷ್ಟೇ ರಿಯಾಯಿತಿಯಿಂದ ತೃಪ್ತನಾಗುವುದು, ಅಥವಾ ಬೇರೆ ಕಡೆ ನಗೆಯನ್ನು ಹುಡುಕುವುದು, ಇವು ಉತ್ತರಗಳು. ಕೆರೆಯ ಏರಿಯ ಮೇಲೆ ಗಾಳಿಪಟ ಹಾರಿಸಿದ ಮಗುವಿನ ನಗೆಯು ಟಿಕೇಟು ತೆತ್ತ ಮಗುವಿನ ನಗೆಗಿಂತ ಕಿರಿದೆಂದು ಯಾರೂ ಅಳೆದಿಲ್ಲ.

ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ಯುವ ತಂದೆತಾಯಿಗಳು ಅಂದು ಅವರಿಗೆ ಎರಡು ವಸ್ತುಗಳನ್ನು ಕೊಡುತ್ತಾರೆ: ಒಳಗಿನ ವಿನೋದ ಒಂದು, ಒಳಗೆ ಹೋಗುವ ರೀತಿ ಇನ್ನೊಂದು. ಬಾಗಿಲಲ್ಲಿ ಯಾರಾದರೂ ಕೇಳಿದರೆ ‘ನನ್ನ ಹೆಸರು ಬೇರೆ ಹೇಳು’ ಎಂದು ಮಗುವಿನ ಕಿವಿಯಲ್ಲಿ ಉಸುರಬೇಕಾಗಿ ಬಂದ ಟಿಕೇಟು ಎಷ್ಟು ಅಗ್ಗವಾದರೂ ದುಬಾರಿಯೇ. ಆಟದ ಬಂಡಿಯ ಜೋಲಿಯನ್ನು ಮಗುವು ವರ್ಷದೊಳಗೆ ಮರೆಯಬಹುದು; ಆ ಪಿಸುಮಾತನ್ನು ಮರೆಯುವುದಿಲ್ಲ.